ಬೆಕ್ಕಿನ ಬಟ್ಟಲಿನ ಸುತ್ತ: ನಿಮ್ಮ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮ ಗಂಡು ಬೆಕ್ಕಿಗೆ 4 ವರ್ಷ, ಆಪರೇಷನ್ ಆಗಿದೆ, ಮನೆಯೊಳಗೇ ಇರುತ್ತಾನೆ. ಬೇಕಾದಾಗ ತಿನ್ನಲಿ ಅಂತ ಒಣ ಆಹಾರದ ಬಟ್ಟಲು ಸದಾ ತುಂಬಿಟ್ಟಿರುತ್ತೇವೆ. ಈಗ ಓಡಿದರೆ ಹೊಟ್ಟೆ ತೂಗಾಡುತ್ತದೆ. ಆದರೂ ಕಾಲಿಗೆ ಸುತ್ತಿಕೊಂಡು ಕೂಗುತ್ತಾನೆ. ಹಸಿವೇ ಅಲ್ವಾ?

ಉತ್ತರ: ಹಸಿವಿಗಿಂತ ಅಭ್ಯಾಸ ಜಾಸ್ತಿ ಇರಬೇಕು. ನನ್ನ ಬೆಕ್ಕು ದಿನಾ ಬೆಳಗಿನ ಜಾವ 5 ಗಂಟೆಗೆ ಎದೆ ಮೇಲೆ ಕೂತು ನನ್ನ ಮೂಗಿನ ಮೇಲೆ ಪಂಜ ಇಡುತ್ತಿತ್ತು. ನಾನು ಅರೆಗಣ್ಣಿನಲ್ಲೇ ಎದ್ದು ಒಂದು ಹಿಡಿ ಸುರಿದು ಮತ್ತೆ ಮಲಗುತ್ತಿದ್ದೆ. ಯಾರು ಯಾರನ್ನು ಪಳಗಿಸಿದ್ದು ಅಂತ ನನಗೆ ಹೊಳೆಯಲು ಒಂದು ವರ್ಷ ಬೇಕಾಯಿತು.

ತೂಗಾಡುವ ಹೊಟ್ಟೆ ಬರೀ ಕೊಬ್ಬೇ ಆಗಿರಬೇಕಿಲ್ಲ, ಸಣಕಲು ಬೆಕ್ಕಿಗೂ ಅಲ್ಲಿ ಸಡಿಲ ಚರ್ಮ ಇರುತ್ತದೆ. ಪಕ್ಕೆ ಮೇಲೆ ಮೆಲ್ಲಗೆ ಬೆರಳಾಡಿಸಿ ನೋಡಿ. ಮೂಳೆ ಸುಲಭವಾಗಿ ಕೈಗೆ ಸಿಕ್ಕಿದರೆ ಸರಿ, ಒತ್ತಿ ಹುಡುಕಬೇಕಾದರೆ ತೂಕ ಹೆಚ್ಚಾಗಿದೆ. 4 ಕಿಲೋ ತೂಗುವ, ಮನೆಯೊಳಗೇ ಇರುವ ಬೆಕ್ಕಿಗೆ ದಿನಕ್ಕೆ ಸುಮಾರು 200 ಕ್ಯಾಲೊರಿ ಸಾಕು. 100 ಗ್ರಾಂ ಒಣ ಆಹಾರದಲ್ಲೇ 350ರಿಂದ 400 ಕ್ಯಾಲೊರಿ ಇರುತ್ತದೆ, ಅಂದರೆ ಇಡೀ ದಿನಕ್ಕೆ 50-60 ಗ್ರಾಂ. ಅಡುಗೆಮನೆಯ ತಕ್ಕಡಿಯಲ್ಲಿ ಒಮ್ಮೆ ತೂಗಿ ನೋಡಿ, ‘ಇಷ್ಟೇನಾ!’ ಅನ್ನಿಸುತ್ತದೆ. ಇಷ್ಟೇ. ಅದನ್ನು ಮೂರು ನಾಲ್ಕು ಸಲ ಹಂಚಿ ಹಾಕಿ. ನಡುವೆ ಕೊಡುವ ತಿಂಡಿಯೂ ಇದರ ಲೆಕ್ಕಕ್ಕೇ ಸೇರಬೇಕು.

ಆದರೆ ಪಥ್ಯ ಅಂತ ಉಪವಾಸ ಕೆಡವಬೇಡಿ. ದಪ್ಪ ಬೆಕ್ಕು ಎರಡು ಮೂರು ದಿನ ಏನೂ ತಿನ್ನದಿದ್ದರೆ ಮೈಯ ಕೊಬ್ಬೆಲ್ಲ ಲಿವರ್‌ಗೆ ನುಗ್ಗಿ ಜೀವಕ್ಕೇ ಕುತ್ತು ಬರಬಹುದು. ತೂಕ ವಾರಕ್ಕೆ ನೂರಕ್ಕೆ 1 ಪಾಲು ಇಳಿದರೂ ಚೆನ್ನಾಗಿಯೇ ನಡೆಯುತ್ತಿದೆ ಅಂತ ತಿಳಿಯಿರಿ. ಇನ್ನು ಹಸಿವು ಹೆಚ್ಚುತ್ತಾ ತೂಕ ಇಳಿಯುತ್ತಿದ್ದರೆ ಅದು ಬೇರೆ ಮಾತು, ಆಗ ಡಾಕ್ಟರಿಗೆ ತೋರಿಸಲೇಬೇಕು.

ಪ್ರಶ್ನೆ: ಹಾಲು ಕಂಡರೆ ಪ್ರಾಣ. ಕುಡಿದ ಮೇಲೆ ಭೇದಿ. ನೀರು ಬೆರೆಸಿ ಕೊಡಲೇ?

ಉತ್ತರ: ಬೇಡ. ಮರಿ ತಾಯಿಹಾಲು ಬಿಟ್ಟ ಮೇಲೆ ಹಾಲಿನ ಸಕ್ಕರೆಯನ್ನು ಅರಗಿಸುವ ಶಕ್ತಿ ಕಡಿಮೆಯಾಗುತ್ತದೆ. ಆಸೆ ಉಳಿಯುತ್ತದೆ, ಅರಗುವುದಿಲ್ಲ. ನೀರೇ ಇಡಿ.

ಪ್ರಶ್ನೆ: ನಾವು ಮಾಂಸ ತಿನ್ನುವುದಿಲ್ಲ. ಬೆಕ್ಕನ್ನೂ ಬೇಯಿಸಿದ ತರಕಾರಿ, ಬೇಳೆ ಮೇಲೆ ಸಾಕಬಹುದೇ? ಮನೆಯಲ್ಲಿ ನಾಯಿ ಆಹಾರವೂ ಇದೆ.

ಉತ್ತರ: ಎರಡೂ ಆಗುವುದಿಲ್ಲ. ನಾಯಿ ಹೇಗೋ ಹೊಂದಿಕೊಳ್ಳುತ್ತದೆ, ಬೆಕ್ಕಿನ ದೇಹ ಕಟ್ಟಿರುವುದೇ ಮಾಂಸಕ್ಕೆ. ಕ್ಯಾರೆಟ್ ತಿಂದು ಅದರಿಂದ ವಿಟಮಿನ್ ಎ ಮಾಡಿಕೊಳ್ಳಲು ಅದಕ್ಕೆ ಬರುವುದಿಲ್ಲ. ಟಾರಿನ್ ಅನ್ನುವ ಅಂಶವನ್ನೂ ಸಾಕಾಗುವಷ್ಟು ತಯಾರಿಸಿಕೊಳ್ಳಲಾರದು. ಅದು ಸಿಗದಿದ್ದರೆ ಕಣ್ಣಿನ ಹಿಂಭಾಗದ ಒಳಪರದೆ (ರೆಟಿನಾ) ಹಾಳಾಗುತ್ತದೆ, ಹೃದಯದ ಸ್ನಾಯು ಸೋತು ಹಿಗ್ಗುತ್ತದೆ. ಟಾರಿನ್ ಕೊರತೆಗೂ ಈ ಹೃದಯದ ಕಾಯಿಲೆಗೂ ಇರುವ ನಂಟು 1987ರಲ್ಲಿ ಬಯಲಾಯಿತು, ಆಮೇಲೆಯೇ ಕಂಪನಿಗಳು ಬೆಕ್ಕಿನ ಆಹಾರದಲ್ಲಿ ಅದನ್ನು ಹೆಚ್ಚಿಸಿದ್ದು. ಮಾಂಸ ಮುಟ್ಟಲು ಮನಸ್ಸಾಗದಿದ್ದರೆ ‘ಸಂಪೂರ್ಣ ಆಹಾರ’ ಅಂತ ಬರೆದಿರುವ ಬೆಕ್ಕಿನ ಪ್ಯಾಕೆಟ್ ತಂದು ಚಮಚದಲ್ಲಿ ಬಡಿಸಿ, ಅಷ್ಟೇ. ನಿಮ್ಮ ಅಡುಗೆಯ ಗಂಜಿ, ಸಾರು ಮಾತ್ರ ಬೇಡ. ಈರುಳ್ಳಿ, ಬೆಳ್ಳುಳ್ಳಿ ಬೆಂದಿದ್ದರೂ ಬೆಕ್ಕಿನ ರಕ್ತದ ಕೆಂಪು ಕಣಗಳನ್ನು ಒಡೆಯುತ್ತವೆ.

ಪ್ರಶ್ನೆ: ಒಣ ಆಹಾರ ಮಾತ್ರ ಹಾಕುತ್ತೇವೆ. ನೀರು ಮುಟ್ಟುವುದೇ ಅಪರೂಪ. ತೊಂದರೆ ಏನಾದರೂ ಇದೆಯೇ?

ಉತ್ತರ: ಇದೆ, ನೀರು ಸಾಲದಿದ್ದರೆ ಮೂತ್ರದ ತೊಂದರೆ ಬರಬಹುದು. ಒಣ ಆಹಾರದಲ್ಲಿ ನೀರು ನೂರಕ್ಕೆ ಸುಮಾರು 10 ಪಾಲು, ಹಸಿ ಆಹಾರದಲ್ಲಿ (ಅಂದರೆ ಡಬ್ಬಿ, ಪೊಟ್ಟಣದಲ್ಲಿ ಬರುವ ತೇವದ ಬೆಕ್ಕಿನ ಆಹಾರ, ಬೇಯಿಸದ ಮಾಂಸವಲ್ಲ) 75ಕ್ಕೂ ಹೆಚ್ಚು. ದಿನಕ್ಕೆ ಒಂದು ಊಟವಾದರೂ ಹಸಿ ಆಹಾರದ್ದಾಗಲಿ, ಏಳೆಂಟು ದಿನ ಸ್ವಲ್ಪ ಸ್ವಲ್ಪವೇ ಬೆರೆಸುತ್ತಾ ರೂಢಿ ಮಾಡಿಸಿ. ನೀರಿನ ಬಟ್ಟಲು ಅಗಲವಾಗಿರಲಿ, ಊಟದ ಬಟ್ಟಲಿನಿಂದ ದೂರ ಇಡಿ. ನಿಮ್ಮದು ಗಂಡು ಬೆಕ್ಕೋ ಹೆಣ್ಣೋ ನೀವು ಬರೆದಿಲ್ಲ. ಗಂಡಾಗಿದ್ದರೆ, ಮಣ್ಣಿನ ಟ್ರೇಯಲ್ಲಿ ಮತ್ತೆ ಮತ್ತೆ ಕೂತು ತಿಣುಕಿದರೂ ಹನಿ ಮೂತ್ರ ಬರದಿದ್ದರೆ ನಾಳೆ ನೋಡೋಣ ಅನ್ನಬೇಡಿ, ರಾತ್ರಿಯಾಗಿದ್ದರೂ ಆಸ್ಪತ್ರೆಗೆ ಎತ್ತಿಕೊಂಡು ಹೋಗಿ.