ಪದವಿಲ್ಲದ ತಂತಿಗೆ ಅಧ್ಯಾತ್ಮ ಎಲ್ಲಿಂದ ಬಂತು?

ತೀರ್ಥಹಳ್ಳಿಯ ಹಿರಿಯ ಓದುಗರಿಗೆ ನಮಸ್ಕಾರಗಳು.

ಕಳೆದ ಸಂಚಿಕೆಯಲ್ಲಿ ನಾವು ಪರಿಚಯಿಸಿದ್ದ ‘ಬ್ರೆದ್ರೆನ್ ಆಫ್ ದ ಫ್ರೀ ಸ್ಪಿರಿಟ್’ ಎಂಬ ಗಿಟಾರ್–ಲೂಟ್ (ಯೂರೋಪಿನ ಹಳೆಯ ತಂತಿವಾದ್ಯ) ಜೋಡಿಯ ವಾದನವನ್ನು ಕೇಳಿ ತಾವು ಬರೆದ ಪತ್ರ ತಲುಪಿದೆ. ತಾಳವಾದ್ಯವಾಗಲಿ ಸಾಹಿತ್ಯವಾಗಲಿ ಇಲ್ಲದೆ ನುಡಿಸಿದ್ದನ್ನೇ ನುಡಿಸುವ ಸಂಗೀತವನ್ನು ಅಧ್ಯಾತ್ಮವೆಂದು ಕರೆದದ್ದು ಹೇಗೆ ಎಂಬುದು ತಮ್ಮ ಆಕ್ಷೇಪ. ಇಂಥ ಕಛೇರಿಯನ್ನು ಶಿವಮೊಗ್ಗದಲ್ಲಿ ಇಟ್ಟರೆ ನಡೆದೀತೇ ಎಂದೂ ಕೇಳಿದ್ದೀರಿ.

ತಾಳವಾದ್ಯದ ಮಾತಿಗೆ ದೂರ ಹೋಗಬೇಕಾಗಿಲ್ಲ. ಹೊಸಹಳ್ಳಿಯ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ತಂದುಕೊಟ್ಟ ಗಮಕಕ್ಕೆ, ಅಂದರೆ ರಾಗದಲ್ಲಿ ಕಾವ್ಯ ವಾಚಿಸುವ ಕಲೆಗೆ, ಮೃದಂಗದ ಹಂಗಿಲ್ಲ. ಆದರೆ ಸಾಹಿತ್ಯದ ಪ್ರಶ್ನೆಯಲ್ಲಿ ಗಮಕ ತಮ್ಮ ಪಕ್ಷಕ್ಕೇ ನಿಲ್ಲುತ್ತದೆ, ಏಕೆಂದರೆ ಅಲ್ಲಿ ರಾಗವಿರುವುದೇ ಕಾವ್ಯದ ಅರ್ಥವನ್ನು ಕೇಳುಗನಿಗೆ ಮುಟ್ಟಿಸುವುದಕ್ಕೆ. ಈ ಜೋಡಿಯಲ್ಲಿ ಮುಟ್ಟಿಸಬೇಕಾದ ಅರ್ಥವೊಂದು ಮೊದಲೇ ಸಿದ್ಧವಾಗಿಲ್ಲ. ಕೇಳುವ ಕ್ರಮವೇ ಇಲ್ಲಿ ಸಾಧನೆ ಎಂಬುದು ನನ್ನ ಅಭಿಪ್ರಾಯ.

ವಾದ್ಯಗಳನ್ನೇ ನೋಡಿ. ಇಂಗ್ಲೆಂಡಿನ ಜೇಮ್ಸ್ ಬ್ಲ್ಯಾಕ್‌ಶಾ ನುಡಿಸುವುದು ಹನ್ನೆರಡು ತಂತಿಯ ಗಿಟಾರ್. ಅದರ ಉಕ್ಕಿನ ತಂತಿಗಳು ಎರಡೆರಡಾಗಿ ಆರು ಜೊತೆ. ಕೆಳಸ್ಥಾಯಿಯ ಜೊತೆಗಳಲ್ಲಿ ಒಂದು ತಂತಿಯನ್ನು ಸ್ಥಾಯಿಯಷ್ಟು ಮೇಲಕ್ಕೆ ಶ್ರುತಿ ಮಾಡುವುದರಿಂದ ಒಂದು ಮೀಟಿಗೆ ಎರಡು ಸ್ವರ ಏಳುತ್ತವೆ. ನೆದರ್ಲೆಂಡ್ಸಿನ ಯೋಜೆಫ್ ವಾನ್ ವಿಸ್ಸೆಮ್ ಅವರದು ಲೂಟ್. ತೆಳುವಾದ ಮರದ ಪಟ್ಟಿಗಳನ್ನು ಅಂಟಿಸಿ ಮಾಡಿದ ಉಬ್ಬು ಬುರುಡೆ, ಹಿಂದಕ್ಕೆ ಬಾಗಿದ ತಲೆ. ಈ ವಾದ್ಯದ ಬರೋಕ್ ಕಾಲದ (ಹದಿನೇಳು–ಹದಿನೆಂಟನೆಯ ಶತಮಾನದ) ದೊಡ್ಡ ರೂಪಕ್ಕೆ ಹದಿಮೂರು ಸಾಲುಗಳಲ್ಲಿ 24 ತಂತಿಗಳಿರುತ್ತವೆ. ಇಷ್ಟು ತಂತಿಗಳಿದ್ದೂ ಅದರ ದನಿ ಸಣ್ಣದು. ಹದಿನೆಂಟನೆಯ ಶತಮಾನ ಮುಗಿಯುವ ಹೊತ್ತಿಗೆ ಯೂರೋಪಿನ ಕಛೇರಿಗಳಿಂದ ಅದು ಹೆಚ್ಚುಕಡಿಮೆ ಮರೆಯಾದದ್ದಕ್ಕೆ ಆ ಸಣ್ಣ ದನಿಯೂ ಒಂದು ಕಾರಣ. ಇಂಥ ವಾದ್ಯದ ಪಕ್ಕದಲ್ಲಿ ಕೂತ ಉಕ್ಕಿನ ತಂತಿ ತನ್ನ ಅಬ್ಬರವನ್ನು ತಾನೇ ತಗ್ಗಿಸಿಕೊಳ್ಳದೆ ಗತಿಯಿಲ್ಲ.

ಇನ್ನು ನುಡಿಸಿದ್ದನ್ನೇ ನುಡಿಸುವ ಮಾತು. ವಿಸ್ಸೆಮ್ ಅವರು ಒಂದು ಸ್ವರಸಾಲನ್ನು ಕೊನೆಯವರೆಗೆ ನುಡಿಸಿ, ಕೊನೆಯಿಂದ ಮೊದಲಿಗೆ ಹಿಮ್ಮುಖವಾಗಿ ಮರಳುವ ರಚನೆಗಳಿಗೆ ಹೆಸರಾದವರು. ನಮ್ಮ ಚಿತ್ರಕಾವ್ಯದ ಗತಪ್ರತ್ಯಾಗತವನ್ನು, ಅಂದರೆ ಹಿಂದಿನಿಂದ ಮುಂದಕ್ಕೂ ಓದಬಹುದಾದ ಪದ್ಯವನ್ನು, ಬಲ್ಲ ತಮಗೆ ಇದು ಹೊಸತಾಗಿ ತೋರಬಾರದು. ಅಲ್ಲಿ ಅದು ಬಹುಮಟ್ಟಿಗೆ ಕವಿಯ ಚಮತ್ಕಾರ. ಇಲ್ಲಿ ಅದೇ ಸ್ವರಗಳು ಎದುರು ದಿಕ್ಕಿನಿಂದ ಬಂದಾಗ ಯಾವುದು ಆರಂಭ, ಯಾವುದು ಮುಕ್ತಾಯ ಎಂಬ ಲೆಕ್ಕವನ್ನು ಕಿವಿ ಕೈಬಿಡುತ್ತದೆ. ಕೆಲಸ ಮಾಡುತ್ತಾ ಹಿನ್ನೆಲೆಗೆ ಹಾಕಿಕೊಂಡು ಕೇಳಿದರೆ ತಾವು ಹೇಳುವಂತೆ ಬೇಸರವೇ ಬರುವುದು ಸಹಜ.

ಜೋಡಿಯ ಹೆಸರು ಮಧ್ಯಯುಗದ ಯೂರೋಪಿನ ಒಂದು ಪಂಥದ್ದು. ಆತ್ಮ ದೇವರೊಡನೆ ಒಂದಾಗಲು ಚರ್ಚಿನ ಮಧ್ಯಸ್ಥಿಕೆ ಬೇಡವೆಂಬ ನಿಲುವು ಆ ಪಂಥದ ಮೇಲಿದ್ದ ಆರೋಪಗಳಲ್ಲೊಂದು. ಅದೇ ಬಗೆಯ ವಿಚಾರಗಳಿಗಾಗಿ ಮಾರ್ಗರೀಟ್ ಪೊರೇಟ್ ಎಂಬಾಕೆಯನ್ನು 1310ರಲ್ಲಿ ಪ್ಯಾರಿಸಿನಲ್ಲಿ ಸುಟ್ಟರು. ಅಲ್ಲಮನ ಬಳ್ಳಿಗಾವಿ, ಅಕ್ಕನ ಉಡುತಡಿಗಳಿರುವ ಜಿಲ್ಲೆಯಲ್ಲಿ ಕೂತು ಇದನ್ನು ಓದುವಾಗ ವಚನಕಾರರು ನೆನಪಾಗುವುದು ಸರಿಯೇ, ಆದರೆ ಎರಡನ್ನೂ ಒಂದೇ ಎಂದುಬಿಡುವ ಆತುರ ಬೇಡ. ತಮ್ಮ ಆಕ್ಷೇಪದ ಒಂದು ಭಾಗವನ್ನು ನಾನೂ ಒಪ್ಪುತ್ತೇನೆ. 2008ರಲ್ಲಿ ಬಂದ ಇವರ ಎರಡೂ ಆಲ್ಬಂಗಳ ಹೆಸರುಗಳು ಬೈಬಲ್ಲಿನವು, ಒಂದು ರೋಮನ್ನರಿಗೆ ಬರೆದ ಪತ್ರದಿಂದ, ಇನ್ನೊಂದು ಯೆಶಾಯನ ಗ್ರಂಥದಿಂದ ಬಂದದ್ದು. ಧರ್ಮಗ್ರಂಥದ ಸಾಲನ್ನು ಹೊದಿಕೆಯ ಮೇಲೆ ಅಚ್ಚು ಹಾಕಿದ ಮಾತ್ರಕ್ಕೆ ಒಳಗಿನ ನಾದ ಪವಿತ್ರವಾಗುವುದಿಲ್ಲ, ಮತ್ತು ಈ ನಾದಕ್ಕೆ ಆ ಆಸರೆ ಬೇಕಿರಲೂ ಇಲ್ಲ.

ಕಛೇರಿಯ ಬಗ್ಗೆ: ಕುವೆಂಪು ರಂಗಮಂದಿರದಷ್ಟು ದೊಡ್ಡ ಜಾಗದಲ್ಲಿ ಮೈಕಿಲ್ಲದೆ ಲೂಟ್ ಹಿಂದಿನ ಸಾಲುಗಳಿಗೆ ಕೇಳಿಸದು, ಮೈಕು ಇಟ್ಟರೆ ಅದರ ಗುಣವೇ ಬದಲಾಗುತ್ತದೆ. ಮೂವತ್ತು ನಲವತ್ತು ಜನ ಹಿಡಿಸುವ ತೊಟ್ಟಿಮನೆಯ ಒಳಜಗಲಿ ಇದಕ್ಕೆ ಹೆಚ್ಚು ಒಪ್ಪುತ್ತದೆ. ತಮ್ಮ ಕಡೆ ಅಂಥ ಮನೆಗಳು ಇನ್ನೂ ಉಳಿದಿವೆ. ಯಾರಾದರೂ ಮನೆಯವರು ಒಪ್ಪಿದರೆ ಮೊದಲಿಗೆ ಧ್ವನಿಮುದ್ರಿಕೆಯನ್ನೇ ಕೂತು ಕೇಳುವ ಒಂದು ಸಂಜೆಯನ್ನು ಪತ್ರಿಕೆಯ ವತಿಯಿಂದ ಏರ್ಪಡಿಸಲು ನಾವು ಸಿದ್ಧ.

— ಸಂಪಾದಕ