ಓದುಗರ ಪ್ರಶ್ನೆ: ಸವಳು, ಜವಳು, ಕ್ಷಾರ

ಪ್ರಶ್ನೆ: ಮಣ್ಣಿನ ಕುರಿತ ಲೇಖನಗಳಲ್ಲಿ ಸವಳು, ಜವಳು, ಕ್ಷಾರ ಎಂಬ ಪದಗಳು ಒಟ್ಟೊಟ್ಟಿಗೇ ಬರುತ್ತವೆ. ಇವು ಒಂದೇ ದೋಷದ ಮೂರು ಹೆಸರುಗಳೇ?

ಉತ್ತರ: ಅಲ್ಲ, ಮೂರೂ ಬೇರೆ ಬೇರೆ. ಆದರೆ ಒಂದರ ಬೆನ್ನಿಗೆ ಮತ್ತೊಂದು ಬರುವುದರಿಂದ ‘ಸವಳು-ಜವಳು’ ಎಂದು ಜೋಡಿಸಿ ಹೇಳುವುದು ರೂಢಿಯಾಗಿದೆ. ಜವಳು ಎಂದರೆ ನೀರು ಹಿಡಿದ ಭೂಮಿ. ಬಸಿಗಾಲುವೆಯಿಲ್ಲದ ಕಡೆ ಅಗತ್ಯಕ್ಕಿಂತ ಹೆಚ್ಚು ನೀರು ಹಾಯಿಸಿದಾಗ ಅಂತರ್ಜಲ ಮೇಲೇರಿ, ಮಣ್ಣಿನಲ್ಲಿ ಗಾಳಿಯಿರಬೇಕಾದ ಜಾಗವನ್ನೆಲ್ಲ ನೀರೇ ತುಂಬಿಕೊಂಡು, ಬೇರುಗಳು ಉಸಿರಾಡಲಾಗದೆ ಕೊಳೆಯುತ್ತವೆ. ಹಾಗೆ ಮೇಲೇರಿದ ನೀರು, ದೀಪದ ಬತ್ತಿಯಲ್ಲಿ ಎಣ್ಣೆ ಏರುವಂತೆ, ಮಣ್ಣಿನ ಸೂಕ್ಷ್ಮ ರಂಧ್ರಗಳ ಮೂಲಕ ನೆಲದ ಮೇಲ್ಮೈ ತಲುಪಿ ಆವಿಯಾಗುತ್ತದೆ. ಅದರಲ್ಲಿದ್ದ ಲವಣಗಳು ಅಲ್ಲಿಯೇ ಉಳಿದು ಬಿಳಿಯ ಹೆಪ್ಪಾಗುತ್ತವೆ. ಇದು ಸವಳು. ಮಣ್ಣಿನ ಸಂತೃಪ್ತ ಸಾರದ (ನೀರು ತುಂಬಿಸಿದ ಮಣ್ಣಿನಿಂದ ಹಿಂಡಿ ತೆಗೆದ ದ್ರಾವಣದ) ವಿದ್ಯುದ್ವಾಹಕತೆ, ಅಂದರೆ ವಿದ್ಯುತ್ ಹರಿಸುವ ಗುಣ, ಲವಣ ಹೆಚ್ಚಿದಷ್ಟೂ ಹೆಚ್ಚುತ್ತದೆ; ಅದು ಮೀಟರಿಗೆ 4 ಡೆಸಿಸೀಮೆನ್ಸ್ (ವಾಹಕತೆಯ ಅಳತೆಮಾನ) ಮೀರಿದರೆ ಆ ಮಣ್ಣನ್ನು ಸವಳು ಮಣ್ಣೆಂದು ಎಣಿಸುವುದು ವಾಡಿಕೆ. ಬಾರ್ಲಿಯ ಇಳುವರಿ ಇದೇ ಅಳತೆಯಲ್ಲಿ ಸುಮಾರು 8ರವರೆಗೂ ಕುಗ್ಗುವುದಿಲ್ಲ. ಬೀನ್ಸ್ ಮಾತ್ರ 1 ದಾಟುತ್ತಲೇ ಸೊರಗುತ್ತದೆ.

ಕ್ಷಾರದ ಕಥೆ ಬೇರೆ. ಇಲ್ಲಿ ತೊಂದರೆ ಕೊಡುವುದು ಲವಣದ ಒಟ್ಟು ಪ್ರಮಾಣವಲ್ಲ, ಜೇಡಿಕಣಗಳಿಗೆ ಅಂಟಿಕೊಂಡ ಸೋಡಿಯಂ. ಕಣಗಳಿಗೆ ಅಂಟಿಕೊಂಡು, ಬೇರೆ ಧಾತುವಿಗೆ ಜಾಗ ಬಿಟ್ಟುಕೊಡಬಲ್ಲ ‘ವಿನಿಮಯಯೋಗ್ಯ’ ಅಂಶಗಳಲ್ಲಿ ಸೋಡಿಯಂನ ಪಾಲು ಶೇ 15ನ್ನು ಮೀರಿದರೆ ಕಣಗಳು ಒಂದನ್ನೊಂದು ಬಿಟ್ಟು ಚದುರಿ, ರಂಧ್ರಗಳು ಮುಚ್ಚಿಹೋಗಿ, ನೀರು ಇಂಗುವುದೇ ಇಲ್ಲ. ಒಂದು ಒಣಹೆಂಟೆಯನ್ನು ಗಾಜಿನ ಲೋಟದ ಶುದ್ಧ ನೀರಿನಲ್ಲಿ ಅಲುಗಾಡಿಸದೆ ಇಟ್ಟು ನೋಡಿ: ಕ್ಷಾರ ಮಣ್ಣಾದರೆ ಅಂಚಿನಿಂದ ಹಾಲಿನಂಥ ಕದಡು ಹರಡುತ್ತದೆ, ಸವಳು ಮಣ್ಣಾದರೆ ಹೆಂಟೆ ಕುಸಿದರೂ ನೀರು ಬಹುಮಟ್ಟಿಗೆ ತಿಳಿಯಾಗಿಯೇ ಇರುತ್ತದೆ.

ಪದಗಳನ್ನು ಬೆರೆಸಿದರೆ ಚಿಕಿತ್ಸೆಯೂ ತಪ್ಪುತ್ತದೆ ಎಂಬುದರಿಂದಲೇ ನಾನು ಇಷ್ಟು ಹಟ ಹಿಡಿಯುತ್ತಿರುವುದು. ಸವಳಿಗೆ ಒಳ್ಳೆಯ ನೀರು ಹಾಯಿಸಿ, ಲವಣವನ್ನು ಕರಗಿಸಿ, ಬಸಿಗಾಲುವೆಯಲ್ಲಿ ಹೊರಗೆ ಸಾಗಿಸಬೇಕು. ಕ್ಷಾರಕ್ಕೆ ಮೊದಲು ಜಿಪ್ಸಂ (ಕ್ಯಾಲ್ಸಿಯಂ ಇರುವ ಖನಿಜ) ಬೇಕು. ಅದರ ಕ್ಯಾಲ್ಸಿಯಂ ಸೋಡಿಯಂನ ಜಾಗ ಹಿಡಿದ ಮೇಲಷ್ಟೇ ತೊಳೆಯುವ ಮಾತು. ಎರಡೂ ದೋಷಗಳಿರುವ ಮಣ್ಣನ್ನು ಜಿಪ್ಸಂ ಇಲ್ಲದೆ ತೊಳೆದರೆ ಲವಣ ಹೋಗಿ ಸೋಡಿಯಂ ಉಳಿದು, ನೆಲ ಮೊದಲಿಗಿಂತ ಗಡುಸಾಗಬಹುದು.

ಪ್ರಶ್ನೆ: ‘ಜೈವಿಕ ಸಂಚಯನ’ ಮತ್ತು ‘ಜೈವಿಕ ವರ್ಧನೆ’ ಒಂದೇ ಅಲ್ಲವೇ? ಕುಡಿಯುವ ನೀರಿನ ನೈಟ್ರೇಟ್‌ಗೂ ಇವು ಸಲ್ಲುತ್ತವೆಯೇ?

ಉತ್ತರ: ಒಂದೇ ಜೀವಿಯ ದೇಹದಲ್ಲಿ, ಹೊರಹೋಗುವುದಕ್ಕಿಂತ ವೇಗವಾಗಿ ವಿಷವಸ್ತು ಕೂಡಿಕೊಳ್ಳುವುದು ಸಂಚಯನ. ಸಣ್ಣ ಮೀನನ್ನು ದೊಡ್ಡ ಮೀನು, ಅದನ್ನು ಹದ್ದು ತಿನ್ನುತ್ತ ಹೋದಂತೆ ಸಾಂದ್ರತೆ ಹಂತಹಂತವಾಗಿ ಏರುವುದು ವರ್ಧನೆ. ಕೊಬ್ಬಿನಲ್ಲಿ ಕರಗುವ ಕೀಟನಾಶಕ ಡಿಡಿಟಿಗೆ ಎರಡೂ ಸಲ್ಲುತ್ತವೆ. ನೈಟ್ರೇಟ್ ನೀರಿನಲ್ಲಿ ಕರಗಿ ಬಹುಪಾಲು ಮೂತ್ರದಲ್ಲಿ ಹೊರಹೋಗುವುದರಿಂದ ಅದಕ್ಕೆ ಎರಡೂ ಸಲ್ಲವು. ಹಾಗೆಂದು ಅದು ನಿರಪಾಯಕಾರಿಯಲ್ಲ: ದೇಹದಲ್ಲಿ ನೈಟ್ರೈಟ್ ಆಗಿ ಮಾರ್ಪಟ್ಟು, ಬಾಟಲಿ ಹಾಲು ಕುಡಿಯುವ ಎಳೆಕೂಸುಗಳ ರಕ್ತ ಆಮ್ಲಜನಕ ಹೊರುವ ಶಕ್ತಿಯನ್ನು ಕುಗ್ಗಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಲೀಟರಿಗೆ 50 ಮಿಲಿಗ್ರಾಂ ಮಿತಿಯನ್ನು ಸೂಚಿಸಿರುವುದು ಮುಖ್ಯವಾಗಿ ಈ ಕೂಸುಗಳನ್ನು ಗಮನದಲ್ಲಿಟ್ಟುಕೊಂಡೇ.