ಕುಡಿತ ಬಿಟ್ಟ ಮೇಲೆ ದಿನಾ ಕೂಲ್ ಡ್ರಿಂಕ್ಸ್ ಕುಡಿದರೆ ಪರವಾಗಿಲ್ಲವೇ? ಕೋಲಾ ಒಳ್ಳೆಯದೋ, ಬಾಟಲಿ ಜ್ಯೂಸೋ?

ಎಂಟು ತಿಂಗಳಿಂದ ಮದ್ಯ ಮುಟ್ಟಿಲ್ಲ ಅಂದಿದ್ದೀರಿ. ತುಂಬಾ ಖುಷಿಯಾಯಿತು. ಆದರೆ ದಿನಾ ಸಂಜೆ ಗೆಳೆಯರ ಜೊತೆ ಕೂತು ಕೂಲ್ ಡ್ರಿಂಕ್ಸ್ ಕುಡಿಯುತ್ತೇನೆ ಅನ್ನೋ ಮುಂದಿನ ಸಾಲು ಓದಿ ಎದೆ ಧಸಕ್ಕೆಂದಿತು. 2017ರಲ್ಲಿ ನಾನೂ ಹೀಗೇ ಇದ್ದೆ.

ದಾವಣಗೆರೆಯಲ್ಲಿ ಬಟ್ಟೆ ಅಂಗಡಿ ಕೆಲಸ. ಹನ್ನೊಂದು ವರ್ಷ ದಿನಕ್ಕೊಂದು ಕ್ವಾರ್ಟರ್ ಬೇಕಿತ್ತು. ಕೊನೆಗೂ ಬಿಟ್ಟೆ. ಆದರೆ ಅಂಗಡಿ ಬಾಗಿಲು ಹಾಕಿದ ಕೂಡಲೇ ಕೈ ಬಾಟಲಿ ಹುಡುಕುತ್ತಿತ್ತು. 750 ಎಂಎಲ್ ಕೋಲಾ ಹಿಡಿದೆ. ಬೇಸಿಗೆಯಲ್ಲಿ ಅದು ಎರಡಾಯಿತು.

ನನ್ನನ್ನು ಕೆಡಿಸಿದ ತಪ್ಪು ಇದು, ಸ್ವಲ್ಪ ಬಿಡಿಸಿ ಹೇಳುತ್ತೇನೆ. ಬಾಟಲಿ ಹಿಂದೆ ಸಕ್ಕರೆ ಸುಮಾರು 11 ಗ್ರಾಂ ಅಂತ ಇತ್ತು. ಎರಡು ಚಮಚ ಅಷ್ಟೇ ಅಲ್ವಾ ಅಂದುಕೊಂಡೆ. ಅದರ ಮೇಲೆ ಸಣ್ಣಕ್ಷರದಲ್ಲಿ '100 ಎಂಎಲ್‌ಗೆ' ಅಂತ ಬರೆದಿದ್ದನ್ನು ಎರಡು ವರ್ಷ ನೋಡಲೇ ಇಲ್ಲ. ಹನ್ನೊಂದನ್ನು ಏಳೂವರೆಯಿಂದ ಗುಣಿಸಿ. ಒಂದು ಬಾಟಲಿಗೆ 82.5 ಗ್ರಾಂ. ಎರಡಕ್ಕೆ 165. ಅಂದರೆ 33 ಚಮಚ. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 50 ಗ್ರಾಂ ಮೀರಬೇಡಿ, 25ರ ಒಳಗಿದ್ದರೆ ಇನ್ನೂ ಒಳ್ಳೆಯದು ಅನ್ನುತ್ತದೆ.

ರಾತ್ರಿ ನಾಲ್ಕು ಸಲ ಮೂತ್ರಕ್ಕೆ ಏಳುತ್ತಿದ್ದೆ. ಪಾದ ಉರಿಯುತ್ತಿತ್ತು. 2019ರಲ್ಲಿ ಎಚ್‌ಬಿಎ1ಸಿ, ಅಂದರೆ ಎರಡು-ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆ, ಮಾಡಿಸಿದಾಗ 9.4 ಬಂತು. 6.5 ಮುಟ್ಟಿದರೇ ಸಕ್ಕರೆ ಕಾಯಿಲೆ.

ಅದಕ್ಕಿಂತ ಜಾಸ್ತಿ ನೋವು ಮಗಳದು. ಮದ್ಯದ ಬಾಟಲಿಯನ್ನು ಅವಳ ಕಣ್ಣಿಗೆ ಬೀಳದಂತೆ ಬಚ್ಚಿಡುತ್ತಿದ್ದೆ. ಕೋಲಾವನ್ನು ಹೆಮ್ಮೆಯಿಂದ ಫ್ರಿಜ್‌ನಲ್ಲಿ ಎದುರಿಗೇ ಇಟ್ಟೆ. ನನ್ನ ಲೋಟದಿಂದ ಅವಳಿಗೂ ಸುರಿದೆ. ಅವಳ ಒಂಬತ್ತನೇ ವಯಸ್ಸಿಗೇ ಎರಡು ದವಡೆ ಹಲ್ಲು ಹುಳುಕಾದವು.

ಹಾಗಾಗಿ ಕೋಲಾನೋ ಜ್ಯೂಸೋ ಅನ್ನೋ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಮಾವಿನ ಚಿತ್ರ ಇರುವ ಬಾಟಲಿಯಲ್ಲೂ ಅಷ್ಟೇ ಸಕ್ಕರೆ, ಕೆಲವದರಲ್ಲಿ ಇನ್ನೂ ಜಾಸ್ತಿ. ನೀವು ಬಿಡಬೇಕಾದ್ದು ಆ ಸಂಜೆಯ ಕೂಟವನ್ನು. ಗೆಳೆಯರು ಬೇಸರ ಮಾಡಿಕೊಳ್ಳುತ್ತಾರೆ, ಮಾಡಿಕೊಳ್ಳಲಿ. ನಾನು ಆ ಹೊತ್ತಿಗೆ ಮಗಳನ್ನು ಟ್ಯೂಷನ್‌ನಿಂದ ಕರೆತರಲು ನಡೆದುಕೊಂಡು ಹೋಗತೊಡಗಿದೆ. ಬಂದು ಉಪ್ಪು, ಇಂಗು ಹಾಕಿದ ಮಜ್ಜಿಗೆ.

ಮತ್ತೆ ಮದ್ಯದ ಕಡೆ ಮನಸ್ಸು ಎಳೆದರೆ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ.

ಈ ವಾರ ಎಚ್‌ಬಿಎ1ಸಿ ಮಾಡಿಸಿ. ಅದಕ್ಕೆ ಖಾಲಿ ಹೊಟ್ಟೆ ಬೇಕಿಲ್ಲ. ಸಂಜೆ, ನೀವು ಕೂರುವ ಹೊತ್ತಿಗೇ ಲ್ಯಾಬ್‌ಗೆ ಹೋಗಿ.